25 ಸಾವಿರದಾಗ ಮಲಗೋ ವ್ಯಾನ್: ಗಾಡಿಗೆ ಒಂದು ತೂತೂ ಕೊರೀದೆ ಮಾಡೋದು ಹೇಗೆ?

ಠಾಣಾ ಕುಶನೂರ: ನಮ್ಮ ಭಾಗದ ಮಂದಿಗೆ ಗಾಡಿಯಾಗ ಮಲಗೋದು ಹೊಸದೇನಲ್ಲ. ಅಜ್ಜಂದಿರ ಕಾಲದಲ್ಲಿ ಜಾತ್ರೆಗೆ ಎತ್ತಿನ ಬಂಡಿ ಕಟ್ಟಿದರೆ ಅದರಲ್ಲೇ ಹುಲ್ಲು, ಅದರಲ್ಲೇ ಹಾಸಿಗೆ, ಅದರಲ್ಲೇ ರೊಟ್ಟಿ ಗಂಟು. ರಾತ್ರಿ ಬಂಡಿ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದರು. ಈಗ ಬಂಡಿ ಹೋಗಿ ಓಮ್ನಿ, ಇಕೋ, ಕ್ರೂಸರ್ ಬಂದಿವೆ. ಆದರೆ ಪಂಢರಪುರಕ್ಕೋ ತುಳಜಾಪುರಕ್ಕೋ ಹೋದರೆ ಏಕಾದಶಿ, ನವರಾತ್ರಿ ಟೈಮಿಗೆ ಲಾಡ್ಜ್ ರೂಮ್ ಸಿಗುವುದಿಲ್ಲ. ಸಿಕ್ಕರೂ ರೇಟ್ ಕೇಳಿದ ಮೇಲೆ ನಿದ್ದೆ ಬರುವುದಿಲ್ಲ.

ಹೋದ ವರ್ಷದಿಂದ ಒಂದು ಹೊಸ ಹುಚ್ಚು ಶುರುವಾಗಿದೆ. ಯೂಟ್ಯೂಬ್‌ನಲ್ಲಿ 'ಕ್ಯಾಂಪರ್ ವ್ಯಾನ್' ವಿಡಿಯೋ ನೋಡಿ, ನಮ್ಮ ವ್ಯಾನಿಗೂ ಮಂಚ, ಗ್ಯಾಸ್ ಕಟ್ಟೆ, ಸಿಂಕ್ ಹಾಕಿಸಬೇಕು ಅಂತ ವೆಲ್ಡಿಂಗ್ ಅಂಗಡಿಗೆ ಹೋಗಿ ಕೇಳುವವರು ಜಾಸ್ತಿ ಆಗಿದ್ದಾರೆ. ನಮ್ಮ ಮಾಮಾ ಕೂಡ ಕೇಳಿದ್ದರು.

ಮಾಮಾ ಜಾತ್ರೆಗಳಲ್ಲಿ ಆಟಿಕೆ ಅಂಗಡಿ ಹಾಕುತ್ತಾರೆ. ಔರಾದ್ ಅಮರೇಶ್ವರ, ಹುಮನಾಬಾದ್ ವೀರಭದ್ರೇಶ್ವರ, ಖಾನಾಪುರದ ಮೈಲಾರ ಮಲ್ಲಣ್ಣ, ಹೀಗೆ ವರ್ಷದಲ್ಲಿ ಹತ್ತು ಹನ್ನೆರಡು ಕಡೆ. ಮಾಲು ನಾಲ್ಕೈದು ಅಂಗಡಿಯವರು ಸೇರಿ ಮಾಡಿದ ಬಾಡಿಗೆ ಟೆಂಪೋದಲ್ಲಿ ಹೋಗುತ್ತದೆ. ಮಾಮಾ, ಅತ್ತಿ ತಮ್ಮ ಹಳೆ ವ್ಯಾನಿನಲ್ಲಿ ಹೋಗುತ್ತಾರೆ. ರಾತ್ರಿ ತಾಡಪತ್ರಿ ಕೆಳಗೆ ಮಲಗಿ ಮಲಗಿ ಮಾಮಾಗೆ ಸೊಂಟ ಹಿಡಿದಿದೆ. ಹಿಂದಿನ ಸೀಟು ಕಿತ್ತು ಹಾಕಿ, ತಳಕ್ಕೆ ಮಂಚ ವೆಲ್ಡ್ ಮಾಡಿಸಿ, ಮೇಲೆ ಛತ್ತಿಗೆ ಕಿಟಕಿ ಕೊರೆಸಲು 85 ಸಾವಿರ ಅಂತ ಮಾತಾಗಿತ್ತು. ಅಡ್ವಾನ್ಸ್ ಕೊಡುವ ಹಿಂದಿನ ದಿನ ನನಗೆ ಫೋನ್ ಮಾಡಿ, "ಅಳಿಯಾ, ಆರ್‌ಟಿಓದವ್ರು ಏನರ ಅಂತಾರೇನೋ, ಒಮ್ಮೆ ಕೇಳಿ ನೋಡು" ಅಂದರು.

ಕೇಳಿದ್ದೇ ಒಳ್ಳೆಯದಾಯಿತು. ಆ 85 ಸಾವಿರದ ಕೆಲಸ ಮಾಡಿಸಿದ್ದರೆ ಗಾಡಿಯೇ ಕಾನೂನು ಬಾಹಿರ ಆಗುತ್ತಿತ್ತು. ಕೊನೆಗೆ ನಾವು 25,200 ರೂಪಾಯಿಯಲ್ಲಿ, ಗಾಡಿಗೆ ಒಂದು ಸ್ಕ್ರೂ ಕೂಡ ಹೊಡೆಯದೆ, ಇಬ್ಬರು ಮಲಗುವಂತೆ ಮಾಡಿಕೊಂಡೆವು. ಅದರ ಲೆಕ್ಕ, ಅಳತೆ, ನಾವು ಮಾಡಿದ ತಪ್ಪು, ಎಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು ಕಾನೂನು

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ, ಕಂಪನಿಯವರು ಗಾಡಿ ಹೇಗೆ ಮಾಡಿ ಕೊಟ್ಟಿದ್ದಾರೋ, ಆರ್‌ಸಿಯಲ್ಲಿ ಏನು ಬರೆದಿದೆಯೋ, ಅದಕ್ಕೆ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಿನಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182-ಎ ಬಂತು. ಅದರ ಪ್ರಕಾರ ಗಾಡಿ ಮಾಲೀಕ ಅನುಮತಿ ಇಲ್ಲದ ಬದಲಾವಣೆ ಮಾಡಿಸಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಲೆಕ್ಕ ಹಾಕಿ ನೋಡ್ರಿ. ಸೀಟು ಕಿತ್ತದ್ದು ಒಂದು, ಛತ್ತು ಕೊರೆದದ್ದು ಒಂದು, ತಳಕ್ಕೆ ಮಂಚ ವೆಲ್ಡ್ ಮಾಡಿದ್ದು ಒಂದು. ದಂಡ ಹೋಗಲಿ, ಗಾಡಿ ಹಿಡಿದು ನಿಲ್ಲಿಸಿದರೆ ಜಾತ್ರೆ ಸೀಸನ್ನೇ ಹೋಯಿತು. ಅಪಘಾತ ಆದರೆ ವಿಮೆ ಕಂಪನಿಯವರಿಗೆ ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟ ಹಾಗೆ ಆಗುತ್ತದೆ.

ಇದು ಬರೀ ಹೆದರಿಸುವ ಮಾತಲ್ಲ. 2021ರ ಆಗಸ್ಟ್‌ನಲ್ಲಿ ಕೇರಳದ ಕಣ್ಣೂರಿನಲ್ಲಿ 'ಇ ಬುಲ್ ಜೆಟ್' ಅನ್ನುವ ಯೂಟ್ಯೂಬ್ ಚಾನೆಲ್ ನಡೆಸುವ ಅಣ್ಣ-ತಮ್ಮಂದಿರ ವ್ಯಾನನ್ನು ಸಾರಿಗೆ ಇಲಾಖೆ ಹಿಡಿಯಿತು. ನಿಯಮ ಮೀರಿ ಬದಲಾವಣೆ ಮಾಡಿಸಿದ್ದಾರೆ ಅನ್ನುವುದೇ ಮುಖ್ಯ ಆರೋಪ. ಆರ್‌ಟಿಓ ಕಚೇರಿಯಲ್ಲಿ ಗಲಾಟೆ ಆಗಿ ಇಬ್ಬರೂ ಅರೆಸ್ಟ್ ಆದರು. ಲಕ್ಷಾಂತರ ಮಂದಿ ನೋಡುವವರಿದ್ದರೂ ಗಾಡಿ ಹಿಡಿಯುವುದು ತಪ್ಪಲಿಲ್ಲ.

ಹಾಗಾದರೆ ಕ್ಯಾರವಾನ್ ಮಾಡುವಂತೆಯೇ ಇಲ್ಲವಾ? ಮಾಡಬಹುದು. ಅದಕ್ಕೆ ಎಐಎಸ್-124 ಅಂತ ಪ್ರತ್ಯೇಕ ಮಾನದಂಡ ಇದೆ. ಮಾನ್ಯತೆ ಇರುವ ಕಡೆ ಮಾಡಿಸಿ, 'ಮೋಟಾರ್ ಕ್ಯಾರವಾನ್' ಅಂತಲೇ ನೋಂದಣಿ ಆಗಬೇಕು. ದೊಡ್ಡ ಕಂಪನಿಗಳು ಬಾಡಿಗೆಗೆ ಬಿಡುವ ಕ್ಯಾರವಾನ್‌ಗಳು ಈ ದಾರಿಯವು. ನಮ್ಮಂಥವರ ಜೇಬಿಗೆ ಅದು ಆಗುವ ಮಾತಲ್ಲ.

ನಮಗೆ ಉಳಿಯುವ ದಾರಿ ಒಂದೇ. ಗಾಡಿಯನ್ನು ಮುಟ್ಟಬಾರದು, ಒಳಗೆ ಇಡುವ ಸಾಮಾನು ಮಾತ್ರ ಮಾಡಿಕೊಳ್ಳಬೇಕು. ವೆಲ್ಡಿಂಗ್ ಇಲ್ಲ, ಡ್ರಿಲ್ಲಿಂಗ್ ಇಲ್ಲ, ಸೀಟು ಕಳಚುವುದಿಲ್ಲ. ಹತ್ತು ನಿಮಿಷದಲ್ಲಿ ಇಬ್ಬರು ಸೇರಿ ಎತ್ತಿ ಹೊರಗಿಟ್ಟರೆ ಗಾಡಿ ಮೊದಲಿನಂತೆ ಆಗಬೇಕು. ಆಗ ಆ ಪೆಟ್ಟಿಗೆ ನಿಮ್ಮ ಟ್ರಂಕು, ಬ್ಯಾಗು ಇದ್ದ ಹಾಗೆ, ಲಗೇಜ್ ಅಷ್ಟೇ. ಅನುಮಾನ ಇದ್ದವರು ಮಾಡಿಸುವ ಮೊದಲು ಬೀದರ್ ಅಥವಾ ಭಾಲ್ಕಿ ಆರ್‌ಟಿಓ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಹಳೆ ಗಾಡಿ ತಗೊಳ್ಳುವವರಿಗೆ

ಮಾಮಾ ಹತ್ತಿರ ಗಾಡಿ ಇತ್ತು. ಇಲ್ಲದವರು ಸೆಕೆಂಡ್ ಹ್ಯಾಂಡ್ ನೋಡುತ್ತಾರೆ. ಓಮ್ನಿ 2019ಕ್ಕೆ ಬಂದ್ ಆಗಿದೆ, ಹಾಗಾಗಿ ಸಿಗುವುದೆಲ್ಲ ಹಳೆಯವೇ. ಇಕೋ 2010ರಿಂದ ಬರುತ್ತಿದೆ. ಎರಡಕ್ಕೂ ಬಾಗಿಲು ಪಕ್ಕಕ್ಕೆ ಸರಿಯುತ್ತದೆ, ಛತ್ತು ಎತ್ತರ, ರಿಪೇರಿ ಎಲ್ಲ ಊರಲ್ಲೂ ಆಗುತ್ತದೆ. ಇಂಥ ಕೆಲಸಕ್ಕೆ ಅದೇ ಬೇಕಾದದ್ದು.

ನಮ್ಮದು ಗಡಿ ಭಾಗ. ಉದಗೀರ, ದೇಗಲೂರ, ಜಹೀರಾಬಾದ್, ಹೈದರಾಬಾದ್ ಕಡೆಯಿಂದ ಅಗ್ಗಕ್ಕೆ ಗಾಡಿ ತರುವವರು ಭಾಳ. ಅಗ್ಗ ಅಂತ ತಂದು ಎಂಎಚ್ ನಂಬರಿನಲ್ಲೇ ವರ್ಷಗಟ್ಟಲೆ ಓಡಿಸುತ್ತಾರೆ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಇಲ್ಲಿನ ನಂಬರು ಹಾಕಿಸಲೇಬೇಕು. ಅದಕ್ಕೆ ಹಳೆ ಆರ್‌ಟಿಓದಿಂದ ಎನ್‌ಓಸಿ ಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು. ಆ ಖರ್ಚು ಸೇರಿಸಿ ಲೆಕ್ಕ ಹಾಕಿದರೆ ಎಷ್ಟೋ ಸಲ ಕೆಎ-38 ಅಥವಾ ಕೆಎ-39 ಗಾಡಿಯೇ ಅಗ್ಗ ಬೀಳುತ್ತದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕು. ಆರ್‌ಸಿಯಲ್ಲಿ ತಾರೀಖು ನೋಡದೆ ರೊಕ್ಕ ಎಣಿಸಬ್ಯಾಡ್ರಿ.

ಇನ್ನೂ ಮೂರು ವಿಷಯ ನೋಡಿಕೊಳ್ಳಿ:

ಒಂದು, ಹಿಂದಿನ ಸೀಟಿನ ಬೆನ್ನು ಮಡಚಿಕೊಳ್ಳುತ್ತದಾ? ನಿಂತು ನೋಡಿದರೆ ಸಾಲದು, ಕೈಯಿಂದ ಮಡಚಿ ನೋಡಿ. ಮಡಚದಿದ್ದರೆ ಈ ಲೇಖನದ ವಿಧಾನ ನಿಮ್ಮ ಗಾಡಿಗೆ ಆಗುವುದಿಲ್ಲ.

ಎರಡು, ಸಿಎನ್‌ಜಿ ಅಥವಾ ಗ್ಯಾಸ್ ಕಿಟ್ ಇದೆಯಾ? ಡಿಕ್ಕಿಯಲ್ಲಿ ಸಿಲಿಂಡರ್ ಇದ್ದರೆ ಅಲ್ಲಿ ಪೆಟ್ಟಿಗೆ ಕೂರುವುದಿಲ್ಲ. ಅದರ ವಾಲ್ವ್ ಮುಚ್ಚುವಂತೆ ಏನನ್ನೂ ಇಡಬಾರದು.

ಮೂರು, ಕಾರ್ಗೋ ಮಾಡೆಲ್ಲಾ? ಅದು ಸರಕು ಗಾಡಿ, ಹಳದಿ ಬೋರ್ಡು. ಓಡುವಾಗ ಹಿಂದೆ ಮನುಷ್ಯರನ್ನು ಕೂರಿಸುವಂತಿಲ್ಲ. ಮನೆ ಮಂದಿಯನ್ನು ಕರೆದುಕೊಂಡು ಹೋಗುವವರಿಗೆ ಅದು ಬ್ಯಾಡ.

ಅಳತೆ: ಟೇಪ್ ಹಿಡಿದು ಒಂದು ತಾಸು

ವಿಡಿಯೋದಲ್ಲಿ ಹೇಳಿದ ಅಳತೆ ನಂಬಿ ಪ್ಲೈವುಡ್ ಕತ್ತರಿಸಬ್ಯಾಡ್ರಿ. ಒಂದೊಂದು ಮಾಡೆಲ್ ಒಂದೊಂದು ತರಹ. ಸೀಟು ಮಡಚಿ ಮೂರು ಅಳತೆ ತಗೊಳ್ಳಿ.

ಉದ್ದ: ಹಿಂದಿನ ಬಾಗಿಲಿನಿಂದ ಮುಂದಿನ ಸೀಟಿನ ಬೆನ್ನಿನವರೆಗೆ. ಮಲಗುವವರ ಎತ್ತರಕ್ಕಿಂತ 3 ಇಂಚು ಜಾಸ್ತಿ ಇರಬೇಕು. ಇಲ್ಲದಿದ್ದರೆ ಒಬ್ಬರೇ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಮಲಗಬೇಕು. ಉದಾಹರಣೆಗೆ ಉದ್ದ 5 ಅಡಿ 6 ಇಂಚು, ಅಗಲ 4 ಅಡಿ ಇದ್ದರೆ ಮೂಲೆಯಿಂದ ಮೂಲೆಗೆ ಸುಮಾರು 6 ಅಡಿ 9 ಇಂಚು ಸಿಗುತ್ತದೆ. ಎತ್ತರದವರಿಗೂ ಸಾಕು, ಆದರೆ ಇಬ್ಬರಿಗೆ ಆಗುವುದಿಲ್ಲ. ಮಾಮಾ, ಅತ್ತಿ ಇಬ್ಬರೂ ಕುಳ್ಳು, ನಮಗೆ ನೇರವಾಗಿಯೇ ಹೊಂದಿತು.

ಅಗಲ: ಕೆಳಗೆ ಚಕ್ರದ ಉಬ್ಬುಗಳ ನಡುವೆ ಒಂದು, ಮೇಲೆ ಹಾಸಿಗೆ ಬರುವ ಮಟ್ಟದಲ್ಲಿ ಒಂದು. ಎರಡೂ ಬೇರೆ ಬೇರೆ ಬರುತ್ತವೆ. ಪೆಟ್ಟಿಗೆ ಕೆಳಗಿನ ಅಳತೆಗೆ, ಹಲಗೆ ಮೇಲಿನ ಅಳತೆಗೆ.

ಎತ್ತರ: ನೆಲದಿಂದ ಮಡಚಿದ ಸೀಟಿನ ಮೇಲ್ಭಾಗದವರೆಗೆ. ಇದೇ ನಿಮ್ಮ ಪೆಟ್ಟಿಗೆಯ ಎತ್ತರ. ಜಾಗ ಜಾಸ್ತಿ ಸಿಗಲಿ ಅಂತ ಎತ್ತರ ಮಾಡಿದರೆ ಎದ್ದು ಕೂತಾಗ ತಲೆ ಛತ್ತಿಗೆ ಬಡಿಯುತ್ತದೆ.

ಎರಡು ಪೆಟ್ಟಿಗೆ, ಮೂರು ಗಾದಿ

ನಾವು ಮಾಡಿದ್ದು ಇಷ್ಟೇ. ಸೀಟಿನ ಹಿಂದೆ ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ, ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಒಂದು ಪೆಟ್ಟಿಗೆ. ನಡುವೆ ಮಡಚಿದ ಸೀಟು. ಮೂರೂ ಒಂದೇ ಮಟ್ಟಕ್ಕೆ ಬಂದರೆ ಮೇಲೆ ಮೂರು ತುಂಡು ಗಾದಿ ಹಾಸುವುದು. ಹಾಸಿಗೆ ತಯಾರು.

ಪೆಟ್ಟಿಗೆಯ ಅಸ್ಥಿ ಒಂದು ಇಂಚಿನ ಚೌಕ ಪೈಪಿನದು. ಅದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಹೊರಗೇ ಮಾಡಿಸಿದೆವು. ಮೇಲೆ, ಪಕ್ಕಕ್ಕೆ 12 ಎಂಎಂ ಪ್ಲೈವುಡ್. ಕಾಲಿಗೆ ದಪ್ಪ ರಬ್ಬರ್ ಹಾಕಿಸಬೇಕು, ಇಲ್ಲದಿದ್ದರೆ ಗಾಡಿಯ ತಳ ಗೀಚಿ ತುಕ್ಕು ಹಿಡಿಯುತ್ತದೆ, ದಾರಿಯುದ್ದಕ್ಕೂ ಖಡಖಡ ಸದ್ದು ಬೇರೆ. ಮುಚ್ಚಳಕ್ಕೆ ಕಬ್ಜಾ ಹಾಕಿ ಮೇಲಕ್ಕೆ ತೆರೆಯುವಂತೆ ಮಾಡಿದೆವು. ಡಿಕ್ಕಿ ಪೆಟ್ಟಿಗೆಯಲ್ಲಿ ಪಾತ್ರೆ, ಅಕ್ಕಿ-ಹಿಟ್ಟು. ಮುಂದಿನದರಲ್ಲಿ ಬಟ್ಟೆ, ಹೊದಿಕೆ.

ಜ್ಯಾಕ್, ಸ್ಟೆಪ್ನಿ ಎಲ್ಲಿದೆ ಅಂತ ಮೊದಲೇ ನೋಡಿ. ರಾತ್ರಿ ಪಂಕ್ಚರ್ ಆದಾಗ ಪೂರ್ತಿ ಮನೆ ಖಾಲಿ ಮಾಡಿ ಜ್ಯಾಕ್ ತೆಗೆಯುವ ಪರಿಸ್ಥಿತಿ ಬರಬಾರದು. ಓಮ್ನಿ, ಇಕೋದಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗಿರುತ್ತದೆ. ಆ ಸೀಟಿಗೆ ಅಂಟಿಸಿ ಎಣ್ಣೆ ಡಬ್ಬಿ, ಪ್ಲಾಸ್ಟಿಕ್, ಗ್ಯಾಸ್ ಇಡಬ್ಯಾಡ್ರಿ, ಬಿಸಿ ತಾಗುತ್ತದೆ.

ಗಾಡಿ ಓಡುವಾಗ ಹಿಂದೆ ಮಂದಿ ಕೂರುವುದಾದರೆ ಮುಂದಿನ ಪೆಟ್ಟಿಗೆ ತೆಗೆದು, ಸೀಟು ಎತ್ತಿ, ಬೆಲ್ಟ್ ಹಾಕಿಯೇ ಕೂರಿಸಬೇಕು. ಓಡುವ ಗಾಡಿಯಲ್ಲಿ ಹಾಸಿಗೆ ಮೇಲೆ ಹುಡುಗರನ್ನು ಮಲಗಿಸಿಕೊಂಡು ಹೋಗುವುದು ಬ್ಯಾಡವೇ ಬ್ಯಾಡ.

ಖರ್ಚಿನ ಲೆಕ್ಕ

ಇದು ನಮಗೆ ಬಿದ್ದ ಖರ್ಚು. ಊರಿಗೊಂದು ರೇಟ್ ಇರುತ್ತದೆ, ಹೆಚ್ಚು ಕಮ್ಮಿ ಆಗಬಹುದು.

ಪೈಪ್ ಮತ್ತು ವೆಲ್ಡಿಂಗ್ ಕೂಲಿ – 3,900
ಪ್ಲೈವುಡ್ 2 ಶೀಟ್ – 4,200
ಕಬ್ಜಾ, ಸ್ಕ್ರೂ, ರಬ್ಬರ್ – 750
ಬಡಿಗೇರ ಕೂಲಿ – 1,500
3 ಇಂಚು ಫೋಮ್ ಗಾದಿ, ರೆಗ್ಜಿನ್ ಕವರ್ ಸಮೇತ – 4,600
ಪರದೆ, ಸೊಳ್ಳೆ ಜಾಳಿಗೆ, ಮ್ಯಾಗ್ನೆಟ್ – 900
12 ವೋಲ್ಟ್ 26 ಎಎಚ್ ಬ್ಯಾಟರಿ – 2,900
50 ವ್ಯಾಟ್ ಸೋಲಾರ್ ಪ್ಲೇಟ್, ಚಾರ್ಜ್ ಕಂಟ್ರೋಲರ್ – 2,800
ಡಿಸಿ ಫ್ಯಾನ್, ಎಲ್‌ಇಡಿ, ವೈರ್, ಫ್ಯೂಸ್ – 1,650
ನಳ ಇರುವ 20 ಲೀಟರ್ ನೀರಿನ ಕ್ಯಾನ್, ಬಕೆಟ್ – 600
ಕಟ್ಟುವ ಬೆಲ್ಟ್ – 500
ಬೆಂಕಿ ಆರಿಸುವ 1 ಕೆಜಿ ಸಿಲಿಂಡರ್ – 900
ಒಟ್ಟು – 25,200 ರೂಪಾಯಿ

ಒಮ್ಮೆಲೇ ಅಷ್ಟು ಆಗುವುದಿಲ್ಲ ಅನ್ನುವವರು ಬ್ಯಾಟರಿ, ಸೋಲಾರ್, ಫ್ಯಾನ್ ಬಿಟ್ಟು ಶುರು ಮಾಡಿ. 7,350 ಉಳಿದು 17,850ಕ್ಕೆ ಮುಗಿಯುತ್ತದೆ. ಚಾರ್ಜಿಂಗ್ ಲೈಟ್, ಪವರ್ ಬ್ಯಾಂಕ್ ಮೇಲೆ ಒಂದು ಸೀಸನ್ ನಡೆಸಬಹುದು. ಆದರೆ ಬೆಂಕಿ ಸಿಲಿಂಡರ್, ಬೆಲ್ಟ್ ಇವೆರಡನ್ನು ಮಾತ್ರ ಬಿಡಬಾರದು.

ತೂಕದ ಲೆಕ್ಕವೂ ಇದೆ. ಎಲ್ಲ ಸೇರಿ ಸುಮಾರು 70 ಕೆಜಿ ಆಯಿತು, ನೀರು ಬೇರೆ. ಅಂದರೆ ಒಬ್ಬ ಮನುಷ್ಯನ ತೂಕ. ಐದು ಸೀಟಿನ ಗಾಡಿಯಲ್ಲಿ ಇದನ್ನು ಹಾಕಿಕೊಂಡು ಮತ್ತೆ ಐದು ಮಂದಿ ಕೂತರೆ ಬ್ರೇಕ್, ಟೈರ್ ಎರಡರ ಮೇಲೂ ಭಾರ.

ಕರೆಂಟ್ ಎಷ್ಟು ಬೇಕು?

ಇದನ್ನು ಭಾಳ ಮಂದಿ ತಪ್ಪು ಮಾಡುತ್ತಾರೆ. ಗಾಡಿಯ ಬ್ಯಾಟರಿಗೇ ಫ್ಯಾನ್ ಕೊಟ್ಟು ಮಲಗುತ್ತಾರೆ, ಬೆಳಗ್ಗೆ ಸೆಲ್ಫ್ ಹೊಡೆಯುವುದಿಲ್ಲ. ಗಾಡಿಯ ವೈರಿಂಗಿಗೆ ಜೋಡಿಸಿದರೆ ಶಾರ್ಟ್ ಆಗುವ ಭಯ ಬೇರೆ. ಅದಕ್ಕೆ ಬೇರೆ ಬ್ಯಾಟರಿ.

ಒಂದು ರಾತ್ರಿಗೆ: 10 ವ್ಯಾಟ್ ಫ್ಯಾನ್ 8 ತಾಸು ಅಂದರೆ 80. 5 ವ್ಯಾಟ್ ಲೈಟ್ 4 ತಾಸು ಅಂದರೆ 20. ಎರಡು ಮೊಬೈಲ್ ಚಾರ್ಜಿಗೆ 30. ಒಟ್ಟು 130 ವ್ಯಾಟ್ ಅವರ್. 12 ವೋಲ್ಟ್ 26 ಎಎಚ್ ಬ್ಯಾಟರಿಯಲ್ಲಿ 312 ಇರುತ್ತದೆ. ಈ ಜಾತಿಯ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ. ಹಾಗಾಗಿ ಕೈಗೆ ಸಿಗುವುದು 156. ಒಂದು ರಾತ್ರಿಗೆ ಸಾಕು, ಎರಡನೇ ರಾತ್ರಿಗೆ ಸಾಲದು. ಅದಕ್ಕೇ ಸೋಲಾರ್. 50 ವ್ಯಾಟ್ ಪ್ಲೇಟ್ ಒಳ್ಳೆ ಬಿಸಿಲಿನ ದಿನ ಒಂದು ರಾತ್ರಿಯ ಖರ್ಚನ್ನು ತುಂಬಿ ಕೊಡುತ್ತದೆ. ಆಷಾಢದ ಮೋಡದಲ್ಲಿ ಅದನ್ನು ನಂಬಿ ಕೂರಬೇಡಿ, ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡೇ ಹೊರಡಿ.

ಪ್ಲೇಟನ್ನು ಛತ್ತಿಗೆ ಬೋಲ್ಟ್ ಮಾಡಿಲ್ಲ. ಗಾಡಿ ನಿಂತಾಗ ಹೊರಗೆ ಬಿಸಿಲಿಗೆ ಒರಗಿಸಿ ಇಡುವುದು, ಹೊರಡುವಾಗ ಗಾದಿ ಪಕ್ಕ ಸರಿಸುವುದು. ಬ್ಯಾಟರಿಯ ಪ್ಲಸ್ ವೈರಿಗೆ, ಬ್ಯಾಟರಿ ಹತ್ತಿರವೇ, 10 ಆಂಪಿಯರ್ ಫ್ಯೂಸ್ ಕಡ್ಡಾಯ. ಅದರ ಬೆಲೆ ಚಹಾದಷ್ಟು, ಇಲ್ಲದಿದ್ದರೆ ವೈರ್ ಹತ್ತಿಕೊಂಡು ಗಾಡಿ ಹೋಗುತ್ತದೆ.

ಜೀವಕ್ಕೆ ಸಂಬಂಧಿಸಿದ ಮೂರು ಮಾತು

ಮೊದಲನೇ ರಾತ್ರಿ ಮನೆ ಮುಂದೆಯೇ ಮಲಗಿ ನೋಡಿದೆವು. ಸೊಳ್ಳೆ ಬರುತ್ತವೆ ಅಂತ ಎಲ್ಲ ಕಿಟಕಿ ಏರಿಸಿದ್ದೆವು. ರಾತ್ರಿ ಮೂರಕ್ಕೆ ಮಾಮಾ ತಲೆ ಹಿಡಿದುಕೊಂಡು ಹೊರಗೆ ಬಂದರು. ಕಾಜಿನ ಒಳಗೆಲ್ಲ ನೀರು ಇಳಿಯುತ್ತಿತ್ತು. ಇಬ್ಬರ ಉಸಿರಿನ ಹಸಿಯೇ ಅದು. "ಇದ್ರಾಗ ಮಲಗೋಕಿಂತ ತಾಡಪತ್ರಿನೇ ಛಲೋ" ಅಂದು ಹೊರಸಿನ ಮೇಲೆ ಮಲಗಿದರು.

ಮರುದಿನ ಸೊಳ್ಳೆ ಜಾಳಿಗೆ ತಂದು, ಅಂಚಿಗೆ ಸಣ್ಣ ಮ್ಯಾಗ್ನೆಟ್ ಹೊಲಿಸಿದೆವು. ಬಾಗಿಲ ಚೌಕಟ್ಟು ಕಬ್ಬಿಣದ್ದು, ಹೊರಗಿನಿಂದ ಹಾಗೇ ಅಂಟಿಕೊಳ್ಳುತ್ತದೆ. ಈಗ ಎರಡು ಬದಿ ಕಿಟಕಿ ಎರಡು ಮೂರು ಇಂಚು ತೆರೆದೇ ಮಲಗುತ್ತಾರೆ. ಒಂದೇ ಕಡೆ ತೆರೆದರೆ ಗಾಳಿ ಆಡುವುದಿಲ್ಲ, ಎದುರು ಬದುರು ತೆರೆಯಬೇಕು.

ಇಂಜಿನ್ ಚಾಲೂ ಇಟ್ಟು ಏಸಿ ಹಾಕಿಕೊಂಡು ಮಲಗಬಾರದು. ಹತ್ತಿರ ಜನರೇಟರ್ ಓಡುತ್ತಿದ್ದರೆ ಅಲ್ಲಿ ಗಾಡಿ ನಿಲ್ಲಿಸಬಾರದು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರ್‌ನ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿತ್ತು. ಈ ಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಜಾತ್ರೆಯಲ್ಲಿ ಅಂಗಡಿ ಸಾಲಿನ ಹಿಂದೆ ಜನರೇಟರ್‌ಗಳು ರಾತ್ರಿಯೆಲ್ಲ ಓಡುತ್ತವೆ, ಅಲ್ಲೇ ಗಾಡಿ ನಿಲ್ಲಿಸುವ ರೂಢಿ ಇದೆ. ಅದನ್ನು ಬಿಡಬೇಕ್ರಿ. ಚಳಿಗೆ ಒಳಗೆ ಕೆಂಡದ ಬುಟ್ಟಿ ಇಟ್ಟುಕೊಳ್ಳುವುದೂ ಇದೇ ಅಪಾಯ.

ಎರಡನೆಯದು ಅಡುಗೆ. ಗಾಡಿ ಒಳಗೆ ಗ್ಯಾಸ್ ಹಚ್ಚಬಾರದು. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲಕ್ಕೆ ಇಳಿದು ಪೆಟ್ಟಿಗೆ ಕೆಳಗೆ ಕೂರುತ್ತದೆ. ಆಮೇಲೆ ಒಂದು ಸ್ವಿಚ್ ಕಿಡಿ ಸಾಕು. ಒಲೆಯನ್ನು ಗಾಡಿಯಿಂದ ಹತ್ತು ಹೆಜ್ಜೆ ದೂರ ಇಟ್ಟು ಅಡುಗೆ ಮಾಡಿ. ಸಣ್ಣ ಸಿಲಿಂಡರ್ ಬೇಕಾದರೆ ಗ್ಯಾಸ್ ಏಜೆನ್ಸಿಯಲ್ಲೇ 5 ಕೆಜಿಯದು ಸಿಗುತ್ತದೆ, ಇಂಡೇನ್‌ನವರು ಅದನ್ನು 'ಛೋಟು' ಅನ್ನುತ್ತಾರೆ. ಅಂಗಡಿಯಲ್ಲಿ ದೊಡ್ಡ ಸಿಲಿಂಡರಿನಿಂದ ತುಂಬಿಕೊಡುವ ಡಬ್ಬಿ ತಗೊಳ್ಳಬ್ಯಾಡ್ರಿ. ರಾತ್ರಿ ಮಲಗುವಾಗ ಸಿಲಿಂಡರ್ ಗಾಡಿಯ ಹೊರಗಿರಲಿ. ನಮ್ಮ ಅತ್ತಿಯಂತೂ ಎರಡು ದಿನದ ಜಾತ್ರೆಗೆ ಒಲೆಯನ್ನೇ ಒಯ್ಯುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಕಟ್ಟಿಕೊಂಡರೆ ಆಯಿತು.

ಮೂರನೆಯದು ಕಟ್ಟುವುದು. ಭಾಲ್ಕಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದು ಮಾಮಾ ಬ್ರೇಕ್ ಹೊಡೆದರು. ಕಟ್ಟದೆ ಇಟ್ಟಿದ್ದ ನೀರಿನ ಕ್ಯಾನ್ ಹಾರಿ ಬಂದು ಅತ್ತಿ ಕೂತಿದ್ದ ಸೀಟಿನ ಬೆನ್ನಿಗೆ ಬಡಿಯಿತು. ಪುಣ್ಯಕ್ಕೆ ಸೀಟಿಗೆ ಬಡಿಯಿತು, ತಲೆಗಲ್ಲ. 20 ಲೀಟರ್ ನೀರು ಅಂದರೆ 20 ಕೆಜಿ. 60 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಢಿಕ್ಕಿ ಹೊಡೆದು ನಿಂತರೆ ಆ ಕ್ಯಾನ್ ಸುಮಾರು 14 ಮೀಟರ್ ಎತ್ತರದಿಂದ ಬಿದ್ದಷ್ಟು ಜೋರಿನಲ್ಲಿ ಮುಂದೆ ಬರುತ್ತದೆ. ಈಗ ಪೆಟ್ಟಿಗೆ, ಕ್ಯಾನ್, ಬ್ಯಾಟರಿ ಎಲ್ಲವನ್ನೂ ಲಗೇಜ್ ಬೆಲ್ಟಿನಿಂದ ಗಾಡಿಯಲ್ಲಿ ಕಂಪನಿಯವರೇ ಕೊಟ್ಟ ಕೊಂಡಿ, ಸೀಟಿನ ಕಬ್ಬಿಣದ ಕಾಲಿಗೆ ಬಿಗಿದು ಕಟ್ಟುತ್ತೇವೆ. ಹೊಸ ತೂತು ಕೊರೆಯುವ ಜರೂರತ್ತೇ ಬೀಳಲಿಲ್ಲ.

ಎಲ್ಲಿ ನಿಲ್ಲಿಸಬೇಕು?

ಔರಾದ್, ಭಾಲ್ಕಿ ಕಡೆ ಎರೆ ಹೊಲ ಜಾಸ್ತಿ. ಸಂಜೆ ಒಣಗಿದ್ದ ಎರೆ ನೆಲ ರಾತ್ರಿ ಒಂದು ಮಳೆ ಬಿದ್ದರೆ ಬೆಳಗ್ಗೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಮುರುಮ್ ಅಥವಾ ಕಲ್ಲು ನೆಲ ನೋಡಿ, ಗಾಡಿ ಮುಖ ಹೊರಡುವ ದಿಕ್ಕಿಗೆ ಮಾಡಿ ನಿಲ್ಲಿಸಿ. ಹಳ್ಳ, ನಾಲೆ ಪಾತ್ರದಲ್ಲಿ ಬೇಡ. ಅರಣ್ಯದ ಜಾಗದಲ್ಲಿ, ಕೋಟೆಯಂಥ ಸ್ಮಾರಕದ ಆವರಣದಲ್ಲಿ ರಾತ್ರಿ ಉಳಿಯುವಂತಿಲ್ಲ.

ಹೆಣ್ಣುಮಕ್ಕಳು ಜೊತೆಗಿದ್ದರೆ ಮೊದಲು ನೋಡಬೇಕಾದದ್ದು ಶೌಚಾಲಯ. ದೊಡ್ಡ ರಸ್ತೆಯ ಪೆಟ್ರೋಲ್ ಬಂಕ್, ಗುಡಿಯ ಯಾತ್ರಿ ನಿವಾಸದ ಅಂಗಳ, ಪರಿಚಯದ ಧಾಬಾ ಒಳ್ಳೆಯದು. ಕೇಳಿಯೇ ನಿಲ್ಲಿಸಿ. ನಮಗೆ ಇದುವರೆಗೆ ಬ್ಯಾಡ ಅಂದವರು ಕಮ್ಮಿ, ಬೆಳಗ್ಗೆ ಅಲ್ಲೇ ಚಹಾ ಕುಡಿದು ಕಸ ಎತ್ತಿಕೊಂಡು ಹೋದರೆ ಮುಂದಿನ ಸಲವೂ ಜಾಗ ಕೊಡುತ್ತಾರೆ.

ಮೊದಲ ಸಲ ದೂರ ಹೋಗಬೇಡಿ. ಒಂದು ರಾತ್ರಿ ಮನೆ ಮುಂದೆ, ಒಂದು ರಾತ್ರಿ ಎಳ್ಳ ಅಮಾವಾಸ್ಯೆಗೋ ಇನ್ನೆಂದೋ ಹೊಲದಲ್ಲಿ, ಆಮೇಲೆ ಬಸವಕಲ್ಯಾಣ ಅಥವಾ ಉದಗೀರ. ಅಷ್ಟರಲ್ಲಿ ಏನು ಬೇಕು, ಏನು ಸುಮ್ಮನೆ ಭಾರ ಅಂತ ಗೊತ್ತಾಗುತ್ತದೆ. ನಾವು ಮಡಚುವ ಟೇಬಲ್ ಒಂದು ತಂದಿದ್ದೆವು, ಎರಡನೇ ಸಲಕ್ಕೆ ಮನೆಯಲ್ಲೇ ಬಿಟ್ಟೆವು.

ಒಂದು ಎಚ್ಚರಿಕೆ ಅಂಗಡಿಯವರಿಗೆ. ಬಿಳಿ ಬೋರ್ಡ್ ಗಾಡಿಯನ್ನು ಹೀಗೆ ಮಾಡಿಕೊಂಡು "ಪಂಢರಪುರಕ್ಕೆ ತಲೆಗೆ ಇಷ್ಟು" ಅಂತ ಬಾಡಿಗೆ ಹೊಡೆಯುವ ವಿಚಾರ ಇದ್ದರೆ ಬಿಡಿ. ಬಾಡಿಗೆಗೆ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದೆ ಮಂದಿ ತುಂಬಿಕೊಂಡು ಹೋಗಿ ಅಪಘಾತ ಆದರೆ ಮನೆ ಮಾರಿದರೂ ಸಾಲದು.

ಹೊರಡುವ ಮುನ್ನ

ಆರ್‌ಸಿ, ವಿಮೆ, ಹೊಗೆ ಸರ್ಟಿಫಿಕೇಟ್, ಲೈಸೆನ್ಸ್ ಎಲ್ಲ ಚಾಲ್ತಿಯಲ್ಲಿವೆಯಾ? ಡಿಜಿಲಾಕರ್‌ನಲ್ಲಿ ಇದ್ದರೂ ನಡೆಯುತ್ತದೆ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ? ಬೆಲ್ಟ್ ಬಿಗಿದಿದೆಯಾ? ಬೆಂಕಿ ಸಿಲಿಂಡರ್ ಹಾಸಿಗೆಯಿಂದ ಕೈಗೆ ಎಟುಕುವಂತಿದೆಯಾ? ಮಲಗಿದಲ್ಲಿಂದ ಪಕ್ಕದ ಬಾಗಿಲು ಒಳಗಿನಿಂದಲೇ ತೆರೆಯುತ್ತದಾ? ಈ ಕೊನೆಯದನ್ನು ಕತ್ತಲಲ್ಲಿ ಒಮ್ಮೆ ಕೈಯಿಂದ ತೆರೆದು ನೋಡಿ. ಹಳೆ ಗಾಡಿಗಳಲ್ಲಿ ಒಳಗಿನ ಹಿಡಿಕೆ ಮುರಿದೇ ಇರುತ್ತದೆ.

ಮಾಮಾ ಈ ಸೀಸನ್ನಿನಲ್ಲಿ ನಾಲ್ಕು ಜಾತ್ರೆ ಮುಗಿಸಿದ್ದಾರೆ. ಒಂದು ಕಡೆ ಚೆಕಿಂಗ್‌ನಲ್ಲಿ ಗಾಡಿ ನಿಲ್ಲಿಸಿ ಒಳಗೆ ಏನು ಅಂತ ಕೇಳಿದರಂತೆ. ಮಾಮಾ ಗಾದಿ ಎತ್ತಿ, ಬೆಲ್ಟ್ ಬಿಚ್ಚಿ, ಪೆಟ್ಟಿಗೆ ಜಗ್ಗಿ ತೋರಿಸಿದ್ದಾರೆ. ಕಾಗದ ನೋಡಿ ಕಳಿಸಿದರಂತೆ. ಉಳಿದ 59,800 ರೂಪಾಯಿಯಲ್ಲಿ ಅವರು ಮೊದಲು ಮಾಡಿಸಿದ್ದು ನಾಲ್ಕು ಹೊಸ ಟೈರು. ಸೊಂಟ ಹೇಗಿದೆ ಅಂದರೆ, "ಅದು ಹಂಗೇ ಅದ ಅಳಿಯಾ, ಆದ್ರ ಮಳೆಗಾಲದಾಗ ನಿಮ್ಮ ಅತ್ತಿ ತೊಯ್ಯಂಗಿಲ್ಲ ಈಗ" ಅನ್ನುತ್ತಾರೆ.